ಕರಡಿಗುಡ್ಡದ ಮೇಲಿನ ಹಳದಿ

ಮುಂಡಗೋಡ
೮ ಅಕ್ಟೋಬರ ೧೯೩೮, ಶನಿವಾರ

ಅಡಿವೆಯ್ಯಾ,

ದಸರೆಗೆ ಬರುತ್ತೇನೆಂದವನು ಬರಲಿಲ್ಲ. ಹಳಿಯಾಳದಿಂದ ಮುಂಡಗೋಡ ಏನು ವಿಲಾಯತಿಯೇ? ಮನೆಯಲ್ಲಿ ಖೈರುನ್ನಿಸಾ ನಿನಗೆಂದು ಇಟ್ಟಿದ್ದ ಬಾಳೆಹಣ್ಣು ಕರ್ರಗಾಗಿ ಕೊನೆಗೆ ಆಡಿನ ಪಾಲಾದವು. ಬನ್ನಿ ಕೊಡಲಿಕ್ಕೂ ಬಾರದವನ ಕ್ಷೇಮವನ್ನು ನಾನಂತೂ ಕೇಳುವುದಿಲ್ಲ.

ಬೈಗುಳ ಇಷ್ಟಕ್ಕೆ ಸಾಕು. ಇದರ ಜೊತೆ ಒಂದು ಚಿತ್ರ ಇಟ್ಟಿದ್ದೇನೆ. ನೀನೇ ನಿನ್ನ ಕಚೇರಿಯಿಂದ ತಂದುಕೊಟ್ಟ ದಪ್ಪ ಕಾಗದದ ತುಂಡಿನ ಮೇಲೆ ಬರೆದದ್ದು. ನಿನ್ನೆ ಮಧ್ಯಾಹ್ನದ ನಮಾಜು ಮುಗಿಸಿ, ಅಂಗಡಿಯ ಬಾಗಿಲು ತೆಗೆಯದೆ, ಸೈಕಲ್ಲು ಹತ್ತಿ ಮಳಗಿಯ ದಾರಿ ಹಿಡಿದೆ. ಕರಡಿಗುಡ್ಡದ ಬುಡದಲ್ಲಿ ತಾಂಡೆಯ ಗೋಮಿಬಾಯಿಯ ಗುಡಿಸಲು ಇದೆಯಲ್ಲ, ಅದರ ಮುಂದಿನ ಹಳ್ಳದ ದಂಡೆಯಲ್ಲಿ ಕೂತೆ. ಆಕೆಯೇ ತಂಬಿಗೆಯಲ್ಲಿ ನೀರು ತಂದಿಟ್ಟಳು.

ವಾರದ ಆರು ದಿನ ನಾನು ಬಿಗಿಯುವವನು. ಸೈಕಲ್ಲಿನ ನಟ್ಟು, ಗ್ಯಾಸಬತ್ತಿಯ ತಿರುಪು, ಮೋಟಾರಿನವರ ಬೋಲ್ಟು, ಎಲ್ಲವನ್ನೂ ಬಿಗಿದೂ ಬಿಗಿದೂ ಬೆರಳು ಮರಗಟ್ಟಿರುತ್ತವೆ. ಏಳನೆಯ ದಿನ ಯಾವುದನ್ನೂ ಬಿಗಿಯದೆ ಬಿಡುವುದು ಎಂಥ ಸುಖ, ನಿನಗೆ ತಿಳಿಯದು. ಕಾಗದವನ್ನು ಪೂರಾ ನೀರಿನಿಂದ ಒರೆಸುತ್ತೇನೆ. ಅದರ ಹೊಳಪು ಸ್ವಲ್ಪ ಇಳಿಯುವ ತನಕ ಸುಮ್ಮನೆ ಕೂಡುತ್ತೇನೆ. ಆಮೇಲೆ ಕುಂಚದ ತುದಿಯಲ್ಲಿ ಹಸಿರು ತುಂಬಿ ಬರೇ ಮುಟ್ಟಿಸುವುದು. ಅದು ತನಗೆ ಬೇಕಾದಲ್ಲಿ ಹೋಗುತ್ತದೆ. ಗುಡ್ಡ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಸುರುವಾಯಿತು, ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅರ್ಧ ನಾನು ಬರೆಯುತ್ತೇನೆ, ಉಳಿದರ್ಧ ನೀರು ಬರೆಯುತ್ತದೆ.

ಗುಡ್ಡದ ಮೇಲಿನ ಹಳದಿಯನ್ನು ನೋಡು. ಅದನ್ನು ನಾನು ಹಾಕಿದ್ದಲ್ಲ. ದಂಡೆಯ ಹುಲ್ಲಿಗೆಂದು ಕುಂಚಕ್ಕೆ ಹಳದಿ ತುಂಬಿಕೊಂಡಿದ್ದೆ. ಒಂದು ಹನಿ ಗುಡ್ಡದ ಮೇಲೆ ಬಿತ್ತು. ಗಾಬರಿಯಾಗಿ ಕಾಗದ ಹಚ್ಚಿದ ಹಲಗೆ ಎತ್ತಿದೆ, ಅದು ಹಸಿರಿನೊಳಗೆ ಹರಡಿತು. ಈ ಕಡೆ ವಾಲಿಸಿದೆ, ಕೆಳಗೆ ಬಾಲದ ಹಾಗೆ ಒಂದು ಎಳೆ ಇಳಿಯಿತು. ಒರೆಸಲು ಚಿಂದಿ ಎತ್ತಿದ ಕೈ ಅಲ್ಲೇ ನಿಂತಿತು. ನಿನ್ನೆ ಪೂರಾ ಮೋಡ, ಗುಡ್ಡದ ಮೇಲೆ ಹಳದಿಯ ಹೆಸರೇ ಇರಲಿಲ್ಲ. ಆದರೆ ಕಾಗದದ ಮೇಲೆ ಬಿಸಿಲು ಬಿದ್ದುಬಿಟ್ಟಿತು! ಹುಚ್ಚನ ಹಾಗೆ ಒಬ್ಬನೇ ನಕ್ಕೆ.

ಗೋಮಿಬಾಯಿ ಬಂದು ಬಗ್ಗಿ ನೋಡಿದಳು. “ಏನ್ರಿ ಹಾಶಿಮಣ್ಣ, ಇದರಾಗ ನನ್ನ ಮನಿ ಎಲ್ಲೈತ್ರಿ?” ಎಂದಳು. ಗುಡ್ಡದ ಬುಡದಲ್ಲಿ ಒಂದು ಕೆಂಪು ಚುಕ್ಕೆ ಇಟ್ಟೆ. ಅದು ಹಸಿಯಲ್ಲಿ ಕರಗಿ ಹೋಯಿತು. “ಅಯ್ಯ, ಹರದು ಹೋತಲ್ರಿ ನನ್ನ ಮನಿ!” ಎಂದು ಬಳೆಗಳು ಗಲಗಲ ಎನ್ನುವಂತೆ ನಕ್ಕಳು.

ಹಳಿಯಾಳದ ಸಾಲೆಯಲ್ಲಿ ಬಣ್ಣ ಗೆರೆ ದಾಟಿತೆಂದು ಮಾಸ್ತರರು ನನಗೆ ಬೆತ್ತದಿಂದ ಬಾರಿಸುತ್ತಿದ್ದಾಗ ನೀನು ಪಕ್ಕದಲ್ಲಿ ಕೂತು ಗೆರೆಯೊಳಗೇ ಬಣ್ಣ ತುಂಬಿ ಶಹಭಾಸ್ ಅನ್ನಿಸಿಕೊಳ್ಳುತ್ತಿದ್ದೆ. ಅದಕ್ಕೇ ನೀನು ಇಂದು ಅಡವಿ ಕಚೇರಿಯಲ್ಲಿ ನಕಾಶೆ ಬರೆಯುತ್ತೀ, ನಾನು ಪಂಕ್ಚರು ಹಚ್ಚುತ್ತೇನೆ. ಆದರೂ ಚಿತ್ರ ನೋಡಿ ಹೇಗಿದೆ ಹೇಳು. ಸುಳ್ಳು ಹೊಗಳಬೇಡ.

ನಿನ್ನ
ಹಾಶಿಮ

*

ಹಳಿಯಾಳ
೨೭ ಅಕ್ಟೋಬರ ೧೯೩೮

ಪ್ರಿಯ ಹಾಶಿಮ,

ಬಾರದೆ ಇದ್ದುದಕ್ಕೆ ಕಾರಣ ಚಳಿಜ್ವರ. ಮೂರು ವಾರ ಹೆಚ್ಚಾಗಿ ಹಾಸಿಗೆಯಲ್ಲೇ ಕಳೆದೆ. ಕೋಯ್ನಾಯಿನ್ ಗುಳಿಗೆ ನುಂಗಿ ಕಿವಿಯಲ್ಲಿ ಈಗಲೂ ಗುಂಯ್ ಅನ್ನುತ್ತಿದೆ. ಇದರ ನಡುವೆ ಮಳಗಿ ಕಡೆಯ ಹೊಸ ನಕಾಶೆ ತಿಂಗಳೊಳಗೆ ಬೇಕೆಂದು ಸಾಹೇಬರು ದಿನಾ ಹೇಳಿಕಳಿಸುತ್ತಿದ್ದರು. ಹೇಗೋ ಮುಗಿಸಿ ಕೊಟ್ಟೆ.

ನಿನ್ನ ಚಿತ್ರ ತಲುಪಿತು. ಗುಡ್ಡಕ್ಕೆ ಅಂಚಿಲ್ಲ, ಹಳ್ಳಕ್ಕೆ ದಂಡೆಯಿಲ್ಲ. ನಮ್ಮ ಮಾಸ್ತರರು ಇದ್ದಿದ್ದರೆ ಇನ್ನೊಂದು ಬೆತ್ತ ಮುರಿಯುತ್ತಿದ್ದರು. ಆದರೂ ಅದು ಕರಡಿಗುಡ್ಡವೇ ಎಂದು ನೋಡಿದ ಕೂಡಲೇ ತಿಳಿಯುತ್ತದೆ, ಅದು ಹೇಗೆ ಎಂದು ನನಗೆ ಗೊತ್ತಾಗಲಿಲ್ಲ. ಕಚೇರಿಯ ಮೇಜಿನ ಮೇಲೇ ಇಟ್ಟುಕೊಂಡಿದ್ದೇನೆ. ಅಡಚಣೆಯ ವೇಳೆಯಲ್ಲಿ ಉಪಯೋಗಕ್ಕೂ ಬಂತು. ಭೆಟ್ಟಿಯಾದಾಗ ಹೇಳುತ್ತೇನೆ.

ನಿಮ್ಮ ರಮಜಾನ್ ಸುರುವಾಯಿತಲ್ಲ, ಉಪವಾಸದಲ್ಲಿ ಬಿಸಿಲಿಗೆ ಸೈಕಲ್ಲು ತುಳಿಯಬೇಡ.

ಇತಿ
ಅಡಿವೆಯ್ಯ

*

ಮುಂಡಗೋಡ
೩ ಡಿಸೆಂಬರ ೧೯೩೮

ಅಡಿವೆಯ್ಯಾ,

ಅಡಚಣೆಯ ವೇಳೆಯಲ್ಲಿ ನನ್ನ ಚಿತ್ರ ಯಾವ ಉಪಯೋಗಕ್ಕೆ ಬಂತು ಎಂದು ನಿನ್ನೆ ಗೊತ್ತಾಯಿತು. ನಿನ್ನ ಕೈಗೆ ಹುಳ ಬೀಳಲಿ ಎಂದು ಬರೆಯಲು ಹೊರಟಿದ್ದೆ. ಬರೆದೇ ಬಿಟ್ಟೆ, ಇರಲಿ.

ನಿನ್ನೆ ಶುಕ್ರವಾರ ಮತ್ತೆ ಕರಡಿಗುಡ್ಡಕ್ಕೆ ಹೋಗಿದ್ದೆ. ಗೋಮಿಬಾಯಿಯ ಅಂಗಳದಲ್ಲಿ ನಿಮ್ಮ ಇಬ್ಬರು ಗಾರ್ಡುಗಳು ನಿಂತಿದ್ದರು. ಆಕೆಯ ಮಗ ಡಾಕಪ್ಪನ ಕೊಡಲಿ ಕಸಿದು ಸೈಕಲ್ಲಿಗೆ ಕಟ್ಟಿದ್ದರು. ಕೊಡಲಿ ಇಲ್ಲದೆ ಅವನು ಮರ ಕಡಿಯುವ ಕೂಪಿಗೆ ಕೂಲಿಗೆ ಹೋಗುವುದು ಹೇಗೆ? ಕೇಳಿದರೆ, ಇವರು ಗುಡ್ಡದ ಮೇಲೆ ಅಡವಿ ಕಡಿದು ಆರು ಎಕರೆ ಹೊಲ ಮಾಡಿದ್ದಾರೆ, ಅದಕ್ಕೆ ಅಡವಿಯ ಅಂಚಿನಲ್ಲಿ ಇರಲು ಕೊಟ್ಟ ಅಪ್ಪಣೆ ರದ್ದಾಗಿದೆ, ಜನವರಿ ಹದಿನೈದರೊಳಗೆ ಗುಡಿಸಲು ಕಿತ್ತುಕೊಂಡು ಹೋಗಬೇಕು ಎಂದರು.

ಗೋಮಿಬಾಯಿ ಗಾರ್ಡಿನ ಕೈ ಹಿಡಿದು ಎಳೆಯುವುದೊಂದೇ ಬಾಕಿ. “ಬರ್ರಿ, ಮ್ಯಾಲ ಹೋಗಿ ನೋಡೂಣು. ಒಂದು ಬಿದಿರ ಕಡದಿದ್ರ ನನ್ನ ನಾಲಿಗಿ ಕಡೀರಿ” ಎಂದು ಕೂಗಿದಳು. ಗಾರ್ಡು ಗುಡ್ಡವನ್ನು ತಲೆ ಎತ್ತಿ ಸಹ ನೋಡಲಿಲ್ಲ. “ಮ್ಯಾಲ ಯಾಕ ಹತ್ತಬೇಕು? ಕಾಗದದಾಗ ಐತಿ” ಎಂದು ನಕಾಶೆ ಬಿಚ್ಚಿದ.

ಅಡಿವೆಯ್ಯಾ, ಆ ಹಳದಿ ನನ್ನದು. ನಿಮ್ಮ ನಕಾಶೆಯ ಹಸಿರಿನ ನಡುವೆ, ಸುತ್ತಲೂ ನಿನ್ನ ಕರಿ ಗೆರೆ ಹಾಕಿಸಿಕೊಂಡು ಕೂತಿತ್ತು. ಬಲಗಡೆಯ ಉಬ್ಬು ಹಾಗೇ ಇದೆ. ಕೆಳಗೆ ಇಳಿದ ಬಾಲವನ್ನೂ ಬಿಡದೆ ಬರೆದಿದ್ದೀ! ಹೆತ್ತವನಿಗೆ ಮಗುವಿನ ಗುರುತು ಹತ್ತದೇ ಇರುತ್ತದೆಯೇ? ನೀರು ಹೆಚ್ಚಾಗಿ ಹರಿದ ಒಂದು ಹನಿಯನ್ನು ಆರು ಎಕರೆ ಮಾಡಿದವನು ನೀನು.

ಗಾರ್ಡುಗಳು ಹೋದ ಮೇಲೆ ನಾನೊಬ್ಬನೇ ಗುಡ್ಡ ಹತ್ತಿದೆ. ಸಾಗುವಾನಿ, ಮತ್ತಿ, ಬಿದಿರಿನ ಮೆಳೆ. ಕೊಡಲಿಯ ಒಂದು ಏಟಿನ ಗುರುತಿಲ್ಲ. ನನ್ನ ಮೊದಲ ಪತ್ರದಲ್ಲಿ ಅದು ನಾನು ಹಾಕಿದ ಬಣ್ಣವೇ ಅಲ್ಲ ಎಂದು ಬಿಡಿಸಿ ಬರೆದಿದ್ದೆ. ಪತ್ರ ಓದಲು ನಿನಗೆ ಏನಾಗಿತ್ತು?

ಇಳಿದು ಬಂದಾಗ ಗೋಮಿಬಾಯಿ, “ನೋಡಿದ್ರಿಲ್ಲ ಅಣ್ಣಾ? ನೀವರೆ ಹೇಳ್ರಿ ಅವರಿಗೆ” ಎಂದಳು. ನಾನು ಹೂಂ ಎಂದೆ. ಈ ಹಳದಿ ಎಲ್ಲಿಂದ ಬಂತೆಂದು ಆಕೆಗೆ ಹೇಳುವ ಧೈರ್ಯವಾಗಲಿಲ್ಲ. ನಿನ್ನ ಮೇಲಿನ ಸಿಟ್ಟಿನಲ್ಲಿ ಅರ್ಧ ಅದರದ್ದು.

ಈ ಪತ್ರ ಸಿಕ್ಕ ಕೂಡಲೇ ನಿನ್ನ ಸಾಹೇಬರ ಮುಂದೆ ಹೋಗಿ, ತಪ್ಪಾಯಿತು ಎಂದು ಹೇಳು. ಜನವರಿ ಹದಿನೈದು, ನೆನಪಿಡು.

ಹಾಶಿಮ

*

ಹಳಿಯಾಳ
೧೨ ಡಿಸೆಂಬರ ೧೯೩೮

ಹಾಶಿಮ,

ನಿನ್ನ ಪತ್ರ ಕಚೇರಿಯ ವಿಳಾಸಕ್ಕೆ ಬಂತು. ಇನ್ನು ಮುಂದೆ ಮನೆಗೆ ಬರೆ. ಕಾರಕೂನ ಕರಿಬಸಪ್ಪನವರಿಗೆ ಲಕೋಟೆ ಬೆಳಕಿಗೆ ಹಿಡಿದು ನೋಡುವ ಚಟವಿದೆ.

ನನಗೆ ಶಾಪ ಹಾಕುವ ಮೊದಲು ನಡೆದದ್ದನ್ನು ಕೇಳು. ಮಳಗಿ ಕಡೆಯ ನಕಾಶೆಯಲ್ಲಿ ಎಲ್ಲವನ್ನೂ ನಾನೇ ಸರಪಳಿ ಹಿಡಿಸಿ ಅಳೆದಿದ್ದೇನೆ. ಕರಡಿಗುಡ್ಡದ ಬಡಗಣ ಮೈ ಒಂದು ಉಳಿದಿತ್ತು. ಹಳ್ಳ ತುಂಬಿತ್ತು, ನನಗೆ ಮೈಮೇಲೆ ಎಚ್ಚರವಿರಲಿಲ್ಲ. ನಡುಗುತ್ತ ಕಚೇರಿಗೆ ಬಂದು ಕೂತಾಗ ಮೇಜಿನ ಮೇಲೆ ನಿನ್ನ ಚಿತ್ರವಿತ್ತು, ಪತ್ರ ಮನೆಯಲ್ಲಿತ್ತು, ಜ್ವರದಲ್ಲಿ ಅದರ ಮಾತು ನೆನಪಾಗಲಿಲ್ಲ. ಅದೇ ಕಾಗದ, ಅದೇ ಗುಡ್ಡ, ಅದೇ ಹಳ್ಳ. ನಮ್ಮಲ್ಲಿ ಹಸಿರೆಂದರೆ ಅಡವಿ, ನೀಲಿಯೆಂದರೆ ನೀರು, ಹಳದಿಯೆಂದರೆ ಸಾಗುವಳಿ. ಹತ್ತೊಂಬತ್ತು ವರ್ಷದಿಂದ ನನ್ನ ಕಣ್ಣಿಗೆ ಹಳದಿಗೆ ಬೇರೆ ಅರ್ಥವಿಲ್ಲ. ನೀನು ಕಣ್ಣಾರೆ ಕಂಡು ಬರೆದಿದ್ದೀ ಎಂದು ನಂಬಿದೆ. ನಂಬಿದ್ದೇ ತಪ್ಪೇ?

ಇಷ್ಟಕ್ಕೂ ಅಲ್ಲಿ ಇಲ್ಲದ ಬಣ್ಣವನ್ನು ನೀನು ಯಾಕೆ ಬಿಟ್ಟೆ? ಒರೆಸಲು ಚಿಂದಿ ಎತ್ತಿದವನು ಒರೆಸಬೇಕಾಗಿತ್ತು. ನಿನ್ನದು ಆಟ. ಶುಕ್ರವಾರ ಆಡಿ ಶನಿವಾರ ಮರೆಯುತ್ತೀ. ನನ್ನ ಒಂದು ಗೆರೆ ಕೂದಲಿನಷ್ಟು ಸರಿದರೆ ಒಂದು ಹೊಲ ಅಡವಿಯಾಗುತ್ತದೆ. ಅದನ್ನು ಹೊತ್ತು ಬದುಕುವುದು ಏನೆಂದು ನಿನಗೇನು ಗೊತ್ತು?

ಜಾಗ ನೋಡದೆ ನಕಾಶೆ ಬರೆದೆ ಎಂದು ಹೇಳಿದರೆ ನನ್ನನ್ನು ಆ ದಿನವೇ ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ಗುರುಸಿದ್ದವ್ವ ಈಗ ಏಳು ತಿಂಗಳ ಬಸುರಿ. ಎರಡು ವರ್ಷಕ್ಕೆ ನಕಾಶೆ ಮತ್ತೆ ತಿದ್ದುತ್ತಾರೆ, ಆಗ ಸದ್ದಿಲ್ಲದೆ ಸರಿಪಡಿಸುತ್ತೇನೆ. ಅಲ್ಲಿಯ ತನಕ ಗೋಮಿಬಾಯಿ ತಾಂಡೆಯಲ್ಲಿ ಯಾರದಾದರೂ ಮನೆಯ ಹತ್ತಿರ ಇರಲಿ. ತಾಂಡೆಯವರಿಗೆ ಎದ್ದು ಹೋಗುವುದು ಹೊಸದಲ್ಲವಲ್ಲ.

ಈ ಪತ್ರವನ್ನು ಓದಿ ಹರಿದುಹಾಕು.

ಅಡಿವೆಯ್ಯ

*

ಮುಂಡಗೋಡ
೨೦ ಡಿಸೆಂಬರ ೧೯೩೮

ರಾ. ರಾ. ಅಡಿವೆಯ್ಯನವರ ಸನ್ನಿಧಿಗೆ,

ತಮ್ಮನ್ನು ಇನ್ನು ಮುಂದೆ ಬಹುವಚನದಲ್ಲೇ ಕರೆಯುತ್ತೇನೆ. ನಾನು ನೀನು ಎಂದು ಕರೆಯುತ್ತಿದ್ದವನೊಬ್ಬ ಹಳಿಯಾಳದ ಸಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂಡುತ್ತಿದ್ದ. ನನಗೆ ಬೆತ್ತ ಬಿದ್ದಾಗ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಅವನು ಎಲ್ಲಿಗೆ ಹೋದನೋ ತಿಳಿಯದು.

ತಾಂಡೆಯವರಿಗೆ ಎದ್ದು ಹೋಗುವುದು ಹೊಸದಲ್ಲ ಎಂದು ಬರೆದಿದ್ದೀರಿ. ಆ ಸಾಲನ್ನು ಮೂರು ಸಲ ಓದಿದೆ. ಹದಿನೈದು ವರ್ಷದಿಂದ ಆಕೆ ಅಲ್ಲೇ ಇದ್ದಾಳೆ. ಅಂಗಳದಲ್ಲಿ ಆಕೆ ನೆಟ್ಟ ನುಗ್ಗೆ ಗಿಡ ಗುಡಿಸಲಿಗಿಂತ ಎತ್ತರ ಬೆಳೆದಿದೆ. ತಾವು ಯಾವ ಮುಖದಿಂದ ಹಾಗೆ ಬರೆದಿರಿ?

ನನ್ನ ತಪ್ಪನ್ನು ನಾನು ಒಪ್ಪಿ ಬಂದಿದ್ದೇನೆ. ಹೋದ ಶುಕ್ರವಾರ ಗೋಮಿಬಾಯಿಯ ಮುಂದೆ ಕೂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಚಿತ್ರ, ಹನಿ, ನಕಾಶೆ, ಎಲ್ಲ. ಆಕೆ ಜೋಳದ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದಳು. “ಅಂದ್ರ ನಿಮ್ಮ ಬಣ್ಣ ಹರದು ನನ್ನ ಮನಿ ಹೋಗೂದೈತಿ, ಹೌದಲ್ರಿ?” ಎಂದಳು. ಎದ್ದು ಬಂದು, ನನ್ನ ಪಕ್ಕದಲ್ಲಿ ತಾನೇ ತಂದಿಟ್ಟಿದ್ದ ತಂಬಿಗೆಯ ನೀರನ್ನು ನನ್ನ ಕಾಲ ಬಳಿ ಮಣ್ಣಿಗೆ ಸುರಿದಳು. “ಇನ್ನ ನಮ್ಮ ಗುಡ್ಡ ಬರೀಬ್ಯಾಡ್ರಿ. ನಕ್ಕೋತ ಬರದ್ರಿ. ಆವತ್ತು ನಾನೂ ನಕ್ಕಿದ್ನೆಲ್ಲ, ನನ್ನ ಬಾಯಿಗೆ ಬೆಂಕಿ ಹಾಕ” ಎಂದಳು. ಅಷ್ಟೇ. ಬೈದಿದ್ದರೆ ಸಹಿಸಬಹುದಿತ್ತು.

ನಿನ್ನೆ ಹಿತ್ತಲಲ್ಲಿ ಕೂತು ಒಂದು ಬಾಳೆಗಿಡ ಬರೆಯಲು ನೋಡಿದೆ. ಕಾಗದ ಹಸಿ ಮಾಡಲು ಕೈ ಬರಲಿಲ್ಲ. ಸೀಸದ ಕಡ್ಡಿಯಿಂದ ಮೊದಲು ಗೆರೆ ಎಳೆದೆ, ನಾನು! ಆಮೇಲೆ ಗೆರೆ ದಾಟದ ಹಾಗೆ ಬಣ್ಣ ತುಂಬಿದೆ. ಹಳದಿಯ ಬಿಲ್ಲೆಯ ಹತ್ತಿರ ಹೋದ ಕುಂಚವನ್ನು ಹಿಂದೆ ಎಳೆದುಕೊಂಡೆ. ನನ್ನ ವಾರದ ಒಂದೇ ಒಂದು ಮಧ್ಯಾಹ್ನಕ್ಕೂ ತಾವು ಗಾರ್ಡು ಇಟ್ಟುಬಿಟ್ಟಿರಿ. ಅದನ್ನು ಆಟ ಎಂದಿರಿ. ಹೌದು, ಆಟವೇ. ಯಾರ ಮನೆಯನ್ನೂ ಕೇಳದ ಆಟವಾಗಿತ್ತು.

ತಮ್ಮ ಪತ್ರವನ್ನು ಹರಿದಿಲ್ಲ. ಸಾಹೇಬರಿಗೂ ಕಳಿಸಿಲ್ಲ, ಕಳಿಸುವುದೂ ಇಲ್ಲ. ಗೆಳೆಯನ ಕುತ್ತಿಗೆ ಹಿಡಿದು ಕೊಡುವವನು ನಾನಲ್ಲ. ತಾವೇ ಹೋಗಿ ಹೇಳಬೇಕು. ಇನ್ನು ಇಪ್ಪತ್ತಾರು ದಿನ ಇವೆ.

ಹಾಶಿಮ, ಪಂಕ್ಚರು ಹಚ್ಚುವವನು

*

ಮುಂಡಗೋಡ
೬ ಜನವರಿ ೧೯೩೯, ಶುಕ್ರವಾರ

ಅಡಿವೆಯ್ಯಾ,

ಬಹುವಚನ ಬಿಟ್ಟಿದ್ದೇನೆ. ಅದಕ್ಕೂ ನೀನು ಲಾಯಕ್ಕಲ್ಲ.

ನನ್ನ ಪತ್ರಕ್ಕೆ ಉತ್ತರ ಬರಲಿಲ್ಲ. ಅದಕ್ಕೆ ಮೊನ್ನೆ ಬುಧವಾರ ನಾನೇ ಹಳಿಯಾಳಕ್ಕೆ ಬಂದೆ. ನಿನಗೆ ಇದು ಗೊತ್ತಿದೆ. ಆದರೂ ಬರೆಯುತ್ತೇನೆ, ಗೋಡೆಯ ಆಚೆಯಿಂದ ಎಷ್ಟು ಕೇಳಿಸಿತೋ ತಿಳಿಯದು.

ಸಾಹೇಬರು ಜೋಯಿಡಾ ಕಡೆ ಕ್ಯಾಂಪಿಗೆ ಹೋಗಿದ್ದರು. ಕಾರಕೂನ ಕರಿಬಸಪ್ಪನವರ ಮುಂದೆ ಕೈ ಕಟ್ಟಿ ನಿಂತು, ಆ ಹಳದಿ ಹೊಲವಲ್ಲ, ನನ್ನ ಚಿತ್ರದಲ್ಲಿ ಅಕಸ್ಮಾತ್ ಹರಡಿದ ಬಣ್ಣ ಎಂದೆ. ಅದು ನಕಾಶೆಗೆ ಹೇಗೆ ಬಂತು ಎಂದರು. ನಿನ್ನ ಹೆಸರು ಬಾಯಿಗೆ ಬಂತು, ನುಂಗಿದೆ. ಹೇಗೋ ಬಂದಿದೆ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, “ಸಾಬರ, ಬಣ್ಣ ತಾನ ಹರದಾಡಿ ಹಿಂಗ ಹೊಲದ ಆಕಾರ ಆಗತೈತೇನ್ರಿ? ಆಗಿದ್ರ ನಮ್ಮ ಕಣ್ಣ ಮುಂದ ಮಾಡಿ ತೋರಸ್ರಿ” ಎಂದರು.

ನಿಮ್ಮ ಪಡಸಾಲೆಯ ಬಾಕಿನ ಮೇಲೆ ಕೂತು ಬಣ್ಣದ ಪೆಟ್ಟಿಗೆ ತೆಗೆದೆ. ಕಾಗದ ಹಸಿ ಮಾಡಿದೆ, ಹಸಿರು ಬಿಟ್ಟೆ, ಹಳದಿಯ ಹನಿ ಬೀಳಿಸಿದೆ, ಹಲಗೆ ವಾಲಿಸಿದೆ. ಅದು ಉದ್ದಕ್ಕೆ ಹರಿದು ಹಾವಿನಂತಾಯಿತು. ಎರಡನೆಯ ಸಲ ಹಸಿರಿನಲ್ಲಿ ಮುಳುಗಿಯೇ ಹೋಯಿತು. ಮೂರನೆಯದು ಅಂಗೈಯಗಲ ಹರಡಿತು. ನಾಲ್ಕನೆಯದಕ್ಕೆ ಕಾಗದ ಒಣಗಿ ಬಣ್ಣ ಅಲ್ಲಾಡಲೇ ಇಲ್ಲ. ಪ್ರತಿ ಸಲವೂ ಹೊಸ ನೀರು ಕೇಳಿದೆ. ಜನ ಸೇರಿದರು. ಐದನೆಯ ಸಲ ನೀರು ಹೆಚ್ಚಾಗಿ ಎಲ್ಲ ರಾಡಿಯಾಯಿತು.

“ನೋಡ್ರಿ, ಐದು ಸಲದಾಗ ಒಮ್ಮಿಯೂ ಆಗಲಿಲ್ಲ. ಅಂದ ಮ್ಯಾಲ ಅಕಸ್ಮಾತ್ ಅಲ್ಲ ಅದು, ಅಲ್ಲಿ ಹೊಲ ಇದ್ದದ್ದ ಖರೆ” ಎಂದರು ಕರಿಬಸಪ್ಪನವರು. ಎಲ್ಲರೂ ನಕ್ಕರು. ಅಡಿವೆಯ್ಯಾ, ಒಮ್ಮೆ ಆದದ್ದು ಮತ್ತೊಮ್ಮೆ ಆಗುವುದಿಲ್ಲ, ಅದಕ್ಕೇ ಅಲ್ಲವೇ ನಾನು ಆ ಚಿತ್ರವನ್ನು ಅಷ್ಟು ಪ್ರೀತಿಸಿದ್ದು? ಅದೇ ಮಾತು ನನ್ನ ವಿರುದ್ಧ ಸಾಕ್ಷಿಯಾಗಿ ನಿಂತಿತು.

ಎದ್ದು ಬರುವಾಗ ನಕಾಶೆಯ ಕೋಣೆಯ ಬಾಗಿಲು ಮುಚ್ಚಿತ್ತು. ಹೊಸ್ತಿಲಿನ ಹೊರಗೆ ಒಂದು ಜೋಡು ಚಪ್ಪಲಿ. ಎಡಗಾಲಿನದಕ್ಕೆ ಸೈಕಲ್ಲಿನ ಟಾಯರು ಕತ್ತರಿಸಿ ಹಿಮ್ಮಡಿ ಹಚ್ಚಿದ್ದಾರೆ. ಹಚ್ಚಿದವನು ನಾನೇ. ನೀನು ಒಳಗಿದ್ದೆ. ಊರ ಮಂದಿಯೆಲ್ಲ ನನ್ನನ್ನು ನೋಡಿ ನಗುತ್ತಿದ್ದಾಗ ಒಂದು ಬಾಗಿಲು ತೆಗೆಯಲು ನಿನಗೆ ಆಗಲಿಲ್ಲ. ಆ ಚಪ್ಪಲಿಯನ್ನು ತೆಗೆದು ಬೀದಿಗೆ ಎಸೆಯಬೇಕು ಅನ್ನಿಸಿತ್ತು. ಏಕೆ ಎಸೆಯಲಿಲ್ಲವೋ, ಇವತ್ತಿಗೂ ಪಶ್ಚಾತ್ತಾಪವಿದೆ.

ಇನ್ನು ಒಂಬತ್ತು ದಿನ. ಇದು ನನ್ನ ಕೊನೆಯ ಪತ್ರ.

ಹಾಶಿಮ

*

ಹಳಿಯಾಳ
೨೦ ಜನವರಿ ೧೯೩೯

ಹಾಶಿಮ,

ನೀನು ಇದನ್ನು ಓದದೆ ಒಲೆಗೆ ಹಾಕಿದರೂ ನಾನು ಬರೆಯಲೇಬೇಕು.

ಐದು ಸಲ ನೀರು ಕೇಳಿದ್ದು ನನಗೆ ಕೇಳಿಸಿತು. ಕೈಯಲ್ಲಿ ಲೇಖನಿ ಹಿಡಿದು ಕೂತಿದ್ದೆ. ಪ್ರತಿ ಸಲವೂ ಏಳಬೇಕೆಂದುಕೊಂಡೆ. ಆ ಮೇಲೆ ಆ ಧ್ವನಿ ಕಿವಿಯಿಂದ ಹೋಗಲೇ ಇಲ್ಲ.

ಸಂಕ್ರಾಂತಿಯ ದಿನ ಗುರುಸಿದ್ದವ್ವನಿಗೆ ಹೇಳಿ ಮೋಟಾರು ಹತ್ತಿ ಮಳಗಿಯ ಕಡೆ ಇಳಿದೆ. ನಿನಗೆ ತಿಳಿಸಲಿಲ್ಲ. ಕರಡಿಗುಡ್ಡವನ್ನು ಹತ್ತಿದೆ, ಬಡಗಣ ಮೈಯನ್ನು ಪೂರಾ ಸುತ್ತಿದೆ. ಹೊಲವಿರಲಿ, ಅಲ್ಲಿ ಒಂದು ಹೆಜ್ಜೆಯ ಬಯಲಿಲ್ಲ. ಇಳಿಯುವಾಗ ಗೋಮಿಬಾಯಿಯ ಅಂಗಳದಲ್ಲಿ ನೀರು ಕೇಳಿದೆ. ನಾನು ಯಾರೆಂದು ಹೇಳಲಿಲ್ಲ. ನೀರಿನ ಜೊತೆ ಒಂದು ಚೂರು ಬೆಲ್ಲ ಕೊಟ್ಟಳು. “ಹಬ್ಬದ ದಿನ ಬಂದೀರಿ, ಬಾಯಿ ಸಿಹಿ ಮಾಡ್ಕೋರಿ” ಎಂದಳು. ಆ ಬೆಲ್ಲವನ್ನು ನುಂಗಿದ್ದು ಹೇಗೆಂದು ನನಗೇ ಗೊತ್ತು.

ಸೋಮವಾರ ಕಚೇರಿ ತೆರೆದ ಕೂಡಲೇ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿದೆ. ಜಾಗ ನೋಡಿರಲಿಲ್ಲ, ಗೆಳೆಯನ ಚಿತ್ರ ನೋಡಿ ಬರೆದೆ ಎಂದೆ. ನಿನ್ನ ಚಿತ್ರವನ್ನೂ ಮುಂದಿಟ್ಟೆ. ಅವರು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರು. ಅಂದೇ ಅಲ್ಲಿರುವ ಅಪ್ಪಣೆ ಆಕೆಗೆ ಮರಳಿ ಸಿಕ್ಕಿತು. ಡಾಕಪ್ಪನ ಕೊಡಲಿ ತಿರುಗಿ ಕೊಡಲು ಹೇಳಿದ್ದಾರೆ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಫೆಬ್ರುವರಿ ಒಂದರಿಂದ ದಾಂಡೇಲಿಯ ನಾಟಾ ಡಿಪೋದಲ್ಲಿ ಮರದ ದಿಮ್ಮಿಗಳಿಗೆ ನಂಬರು ಹಾಕುವ ಕೆಲಸ. ಮತ್ತೆ ನಕಾಶೆ ಮುಟ್ಟುವಂತಿಲ್ಲ.

ಮುಟ್ಟಿದ ಕೊನೆಯ ನಕಾಶೆ ಅದೇ. ಹಳದಿಯನ್ನು ಅಲಗಿನಿಂದ ಹೆರೆದೆ. ಕಾಗದದ ಎಳೆಯೊಳಗೆ ಇಳಿದಿತ್ತು, ಪೂರಾ ಹೋಗಲಿಲ್ಲ. ಮೇಲೆ ಎರಡು ಸಲ ಹಸಿರು ಬಳಿದರೂ ಒಳಗಿನಿಂದ ಕಾಣುತ್ತದೆ. ನಮ್ಮ ಕಚೇರಿಯ ನೂರಾರು ನಕಾಶೆಗಳಲ್ಲಿ ಬಿಸಿಲು ಬಿದ್ದಂತೆ ಕಾಣುವ ಜಾಗ ಅದೊಂದೇ. ನೀನು ಏನು ನೋಡಿ ನಕ್ಕಿದ್ದೆ ಎಂದು ಆಗ ತಿಳಿಯಿತು.

ಇನ್ನೊಂದು ಮಾತು. ಗುಡ್ಡದ ಬುಡದಲ್ಲಿ ಆಕೆಯ ಮನೆ ನಕಾಶೆಯಲ್ಲಿ ಇರಲೇ ಇಲ್ಲ. ಹದಿನೈದು ವರ್ಷ ಯಾರೂ ಬರೆದಿರಲಿಲ್ಲ, ನಾನೂ ಬರೆದಿರಲಿಲ್ಲ. ಕರಿ ಮಸಿಯಿಂದ ಒಂದು ಸಣ್ಣ ಚೌಕ ಹಾಕಿದ್ದೇನೆ. ಅದು ಒರೆಸಿದರೆ ಹೋಗದು.

ಕ್ಷಮಿಸು ಎಂದು ಕೇಳಲು ಬಾಯಿಲ್ಲ.

ಅಡಿವೆಯ್ಯ

*

ಮುಂಡಗೋಡ
೨೮ ಜನವರಿ ೧೯೩೯, ಶನಿವಾರ

ಅಡಿವೆಯ್ಯಾ,

ಕೊನೆಯ ಪತ್ರ ಎಂದು ಬರೆದಿದ್ದೆ. ನಿನ್ನಿಂದಾಗಿ ನನ್ನ ಮಾತೂ ಸುಳ್ಳಾಯಿತು.

ನೀನು ಹದಿನಾಲ್ಕಕ್ಕೆ, ಶನಿವಾರ, ಬೆಲ್ಲ ತಿಂದು ಹೋದೆ. ಸೋಮವಾರ ಕಚೇರಿ ತೆರೆಯಲಿ ಎಂದು ಕಾದೆ. ರವಿವಾರ ನಿಮ್ಮ ಕಚೇರಿಗೆ ರಜೆ. ಗಾರ್ಡುಗಳಿಗೆ ರಜೆ ಇರಲಿಲ್ಲ. ಹದಿನೈದಕ್ಕೆ ಮುಂಜಾನೆ ಬಂದು ಗುಡಿಸಲಿನ ಗಳ ಕಿತ್ತು, ಹುಲ್ಲಿನ ಸೂರನ್ನು ಹಳ್ಳಕ್ಕೆ ಎಳೆದುಹಾಕಿದರು. ನುಗ್ಗೆ ಗಿಡವನ್ನೂ ಕಡಿದರು. ಅದನ್ನು ಯಾಕೆ ಕಡಿದರು, ಅದು ಯಾವ ನಕಾಶೆಯಲ್ಲಿತ್ತು? ಅಲ್ಲಿಗೆ ಬಂದಿದ್ದವನು ಶನಿವಾರ ನನಗೆ ಒಂದು ಮಾತು ಹೇಳಿದ್ದರೆ ನಾನು ಸೈಕಲ್ಲು ತುಳಿದುಕೊಂಡು ಸಾಹೇಬರ ಬಂಗಲೆಗೇ ಹೋಗಿ ಬಾಗಿಲು ಬಡಿಯುತ್ತಿದ್ದೆ. ಹಬ್ಬದ ದಿನ ಸಾಹೇಬರನ್ನು ಎಬ್ಬಿಸಬಾರದು, ಅದೂ ನಿನ್ನ ಗೆರೆ! ಎಂದಾದರೂ ಒಮ್ಮೆ ದಾಟಬಾರದಾಗಿತ್ತೇ?

ನೀನು ನಕಾಶೆಯಲ್ಲಿ ಚೌಕ ಹಾಕುವಾಗ ಆ ಚೌಕದ ಜಾಗದಲ್ಲಿ ಮನೆಯಿರಲಿಲ್ಲ. ಗೋಮಿಬಾಯಿ ಮರದ ಕೆಳಗೆ ಮೂರು ಕಲ್ಲು ಹೂಡಿ ಅಡುಗೆ ಮಾಡುತ್ತಿದ್ದಳು.

ಆಮೇಲೆ ಹತ್ತು ದಿನ ನಾನು ಅಂಗಡಿ ಅರ್ಧ ತೆರೆದು, ಅರ್ಧ ಮುಚ್ಚಿ, ಡಾಕಪ್ಪನ ಜೊತೆ ಗಳ ಕಟ್ಟಿದೆ. ಬಿಗಿಯುವ ಕೈ ಅಲ್ಲವೇ, ಗಂಟು ಚೆನ್ನಾಗಿ ಬಿದ್ದವು. ಗೋಮಿಬಾಯಿ ಹಗ್ಗ ಕೊಟ್ಟಳು, ನೀರು ಕೊಡಲಿಲ್ಲ. ಸೂರು ಹೊದಿಸಿದ ದಿನ ನಿನ್ನ ಪತ್ರವನ್ನು ಓದಿ ಹೇಳಿದೆ. ಬೆಲ್ಲ ತಿಂದವನೇ ನಕಾಶೆಯವನು ಎಂದು ಆಕೆಗೆ ತಿಳಿಯಿತು. ಚೌಕದ ಮಾತು ಬಂದಾಗ ಎರಡು ಸಲ ಓದಿಸಿದಳು. ಆಮೇಲೆ ನನ್ನನ್ನೇ ನೋಡಿ, “ಅವರಿಗೆ ನನ್ನ ಮನಿ ಬರೀಲಿಕ್ಕೆ ಬಂತು. ನೀವು ಬರದ್ದು ಹರದು ಹೋತು” ಎಂದಳು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ನಿನ್ನ ಮೇಲೆ ಮತ್ತೆ ಸಿಟ್ಟು ಬಂತು. ನನ್ನ ಮೇಲೂ ಬಂತು, ಆಕೆ ಹೇಳಿದ್ದು ಸುಳ್ಳಲ್ಲವಲ್ಲ.

ನಿನ್ನೆ ಶುಕ್ರವಾರ. ಬರೆಯಬೇಕೆಂದು ಹೋದವನಲ್ಲ, ಬಾಗಿಲಿಗೆ ಒಂದು ಕೊಂಡಿ ಹಾಕಲು ಹೋಗಿದ್ದೆ. ಸಾಮಾನಿನ ಚೀಲದಲ್ಲಿ ಬಣ್ಣದ ಪೆಟ್ಟಿಗೆಯೂ ಇತ್ತು. ಆಕೆ ಅದನ್ನು ಕಂಡಳು. ನಾನು ಚೀಲದ ಬಾಯಿ ಮುಚ್ಚಿದೆ. ಕೊಂಡಿ ಹಾಕಿ ಮುಗಿಸಿ ಹಳ್ಳದ ದಂಡೆಯಲ್ಲಿ ಕೈ ತೊಳೆದು ಕೂತಿದ್ದಾಗ, ಆಕೆ ತಂಬಿಗೆಯ ತುಂಬ ನೀರು ತಂದು ನನ್ನ ಪಕ್ಕದಲ್ಲಿಟ್ಟಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತು, “ಹಳದಿ ಹಾಕಬ್ಯಾಡ್ರಿ” ಎಂದಳು.

ಕಾಗದವನ್ನು ಹಸಿ ಮಾಡಿದೆ. ಗುಡ್ಡದ ಹಸಿರು ತನಗೆ ಬೇಕಾದಲ್ಲಿ ಹೋಯಿತು, ಆಕಾಶದೊಳಗೂ ಹೋಯಿತು, ಬಿಟ್ಟೆ. ಎಷ್ಟು ದಿನಕ್ಕೆ ಆ ಸುಖ! ಮನೆಯನ್ನು ಮಾತ್ರ ಕಾಗದ ಒಣಗಿದ ಮೇಲೆ ಹಾಕಿದೆ, ಹರಿಯದ ಹಾಗೆ. ಆ ಚಿತ್ರವನ್ನೇ ಇದರ ಜೊತೆ ಇಟ್ಟಿದ್ದೇನೆ. ದಾಂಡೇಲಿಗೆ ಒಯ್ಯಿ. ದಿಮ್ಮಿಗಳಿಗೆ ನಂಬರು ಹಾಕುವಾಗ ನೋಡು.

ನಿನ್ನನ್ನು ಕ್ಷಮಿಸಿಲ್ಲ. ಕ್ಷಮಿಸಿದ ದಿನ ತಿಳಿಸುತ್ತೇನೆ. ಗುರುಸಿದ್ದವ್ವನಿಗೆ ಹೆರಿಗೆಯಾದ ಕೂಡಲೇ ಒಂದು ಕಾರ್ಡು ಹಾಕು, ಖೈರುನ್ನಿಸಾ ಕೇಳುತ್ತಿರುತ್ತಾಳೆ.

ನಿನ್ನೆ ಮೋಡ ಇರಲಿಲ್ಲ, ಅಡಿವೆಯ್ಯಾ. ಇಡೀ ಗುಡ್ಡದ ಮೇಲೆ ಬಿಸಿಲು ಬಿದ್ದಿತ್ತು. ನಾನು ಹಾಕಲಿಲ್ಲ.

ಹಾಶಿಮ